ಕಪ್ಪತಗುಡ್ಡದ ಕಾಡಿನಲ್ಲಿ ಹಳೇ ಬಂಗಾರದ ಗಣಿಯ ಗುರುತು ಹಿಡಿದು ನಡೆಯುವುದು ಹೇಗೆ

ಗದಗ ಜಿಲ್ಲೆಯಲ್ಲಿ ಯಾರನ್ನೇ ಕೇಳಿ, ಕಪ್ಪತಗುಡ್ಡದ ಹೆಸರು ಬಂದಕೂಡಲೇ ಒಂದು ಮಾತು ಹೇಳುತ್ತಾರೆ: "ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತ್ತಗಿರಿ ನೋಡು." ಹೆಚ್ಚಿನವರು ಹೋಗುವುದು ಮಳೆಗಾಲದ ಹಸಿರಿಗೆ, ಔಷಧಿ ಗಿಡಗಳಿಗೆ, ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ. ಗಾಡಿಯಲ್ಲಿ ಮೇಲೆ ಹೋಗಿ, ಕೈ ಮುಗಿದು, ಗಾಳಿ ಕುಡಿದು, ಫೋಟೋ ತೆಗೆದು ಇಳಿಯುತ್ತಾರೆ. ಅದೂ ಒಳ್ಳೆಯದೇ. ಆದರೆ ಇದೇ ಗುಡ್ಡದ ಮೈಮೇಲೆ ನೂರು ವರ್ಷಕ್ಕೂ ಹಿಂದೆ ಜನ ಬಂಗಾರ ಅಗೆದ ಗುಂಡಿಗಳಿವೆ. ಅದಕ್ಕೂ ಮುಂಚೆ ಹಳ್ಳದ ಮರಳು ತೊಳೆದು ಬಂಗಾರದ ಪುಡಿ ಹೆಕ್ಕಿದ ಹಳ್ಳಗಳಿವೆ. ಅವೆಲ್ಲ ಈಗ ಕಾಡಿನೊಳಗೆ ಸೇರಿಹೋಗಿವೆ. ಗೊತ್ತಿಲ್ಲದವರಿಗೆ ಅವು ಬರೀ ತಗ್ಗು, ಬರೀ ಕಲ್ಲು.

ಈ ಬರಹ ಆ ತಗ್ಗು, ಆ ಕಲ್ಲುಗಳನ್ನು ಓದಲು ಕಲಿಯುವವರಿಗೆ. ಒಂದು ಬೆಳಗಿನ ನಡಿಗೆಗೆ ಹೇಗೆ ತಯಾರಾಗಬೇಕು, ಎಲ್ಲಿ ಕಣ್ಣಿಡಬೇಕು, ಎಲ್ಲಿ ಕಾಲಿಡಬಾರದು ಅಂತ ಹೇಳುತ್ತೇನೆ. ಬಂಗಾರ ಹುಡುಕಲು ಹೊರಡುವವರಿಗೆ ಇದರಿಂದ ಏನೂ ಉಪಯೋಗವಿಲ್ಲ.

ಮೊದಲು ಗುಡ್ಡದ ಕಥೆ ಸ್ವಲ್ಪ ಗೊತ್ತಿರಲಿ

ಕಥೆ ಗೊತ್ತಿಲ್ಲದೆ ಹೋದರೆ ಅಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ಇದನ್ನು ಮೊದಲ ಹೆಜ್ಜೆ ಅಂತ ಇಟ್ಟುಕೊಳ್ಳಿ.

ಗುಡ್ಡದ ಸಾಲು ಗದಗಿನ ಪಕ್ಕದ ಬಿಂಕದಕಟ್ಟಿಯಿಂದ ಶುರುವಾಗಿ ತುಂಗಭದ್ರೆಯ ದಂಡೆಯ ಶಿಂಗಟಾಲೂರಿನ ತನಕ ಸುಮಾರು 60 ಕಿ.ಮೀ. ಉದ್ದ ಹಬ್ಬಿದೆ. ಈ ಕಲ್ಲುಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ದಕ್ಷಿಣ ಭಾರತದ ಇಂಥ ಕಲ್ಲಿಗೆ ಭೂವಿಜ್ಞಾನಿಗಳು 'ಧಾರವಾಡ' ಅಂತಲೇ ಹೆಸರು ಹೇಳುತ್ತಾರೆ. ಆ ಹೆಸರು ಕೊಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅವರು ಈ ಗುಡ್ಡದಲ್ಲಿ ತಿರುಗಾಡಿ, ಇಲ್ಲಿ ಬಂಗಾರ ಇರುವ ಕಲ್ಲುಗಳ ಬಗ್ಗೆ 1874ರಲ್ಲೇ ಬರೆದು ಪ್ರಕಟಿಸಿದ್ದರು. ಆಗ ಅವರು ಇದನ್ನು ಡಂಬಳದ ಗುಡ್ಡಗಳು ಅಂತ ಕರೆದಿದ್ದಾರೆ. ಡಂಬಳ ಗುಡ್ಡದ ಬುಡದ ಊರು.

ಅವರು ಬರುವ ಹೊತ್ತಿಗೆ ಇಲ್ಲಿ ಬಂಗಾರದ ಕೆಲಸ ಹಳೆಯದಾಗಿತ್ತು. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಬಂಗಾರ ತೆಗೆಯುತ್ತಿದ್ದರು. ಜಲಗಾರ ಅನ್ನುವ ಪದಕ್ಕೆ ಈಗ ನಮಗೆ ಕಸ ಗುಡಿಸುವವ ಅನ್ನುವ ಅರ್ಥ ಹೊಳೆಯುತ್ತದೆ. ಆದರೆ ಹಳೆಯ ಕನ್ನಡದ ಬಳಕೆಯಲ್ಲಿ ಮಣ್ಣು ತೊಳೆದು ಬಂಗಾರ ಹೆಕ್ಕುವವನೂ ಜಲಗಾರನೇ. ಆಮೇಲೆ 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಬಂದವು. ಕೋಲಾರದಲ್ಲಿ ಬಂಗಾರ ಸಿಕ್ಕಿದ್ದನ್ನು ನೋಡಿ, ಇಲ್ಲೂ ಸಿಗಬಹುದು ಅಂತ ಲಂಡನ್ನಿನ ದುಡ್ಡು ಇಲ್ಲಿಗೆ ಹರಿಯಿತು. ಕಬಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಕಡೆ ಗಣಿ ಇಳಿಸಿದರು. ಒಂದು ಗಣಿಗೆ ಸಾಂಗ್ಲಿ ಮೈನ್ ಅಂತ ಹೆಸರು. ಗದಗಿಗೂ ಸಾಂಗ್ಲಿಗೂ ಏನು ಸಂಬಂಧ ಅಂತ ಆಶ್ಚರ್ಯ ಆಗಬಹುದು. ಆಗ ಶಿರಹಟ್ಟಿ ಸೀಮೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಅಷ್ಟೇ. ಕೋಲಾರದ ಹಾಗೆ ಇಲ್ಲಿ ಕೈ ತುಂಬ ಬಂಗಾರ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಕೆಲಸ ನಿಂತುಹೋಯಿತು. ಗುಂಡಿಗಳು ಉಳಿದವು.

ಪರವಾನಗಿ ಇಲ್ಲದೆ ಹೊರಡಬೇಡಿ

2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಯಿತು. ಸುಮಾರು 244 ಚದರ ಕಿ.ಮೀ. ಅದಕ್ಕೂ ಮುಂಚೆ 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಗಿ, ಮರುವರ್ಷವೇ ಅದನ್ನು ವಾಪಸ್ ತೆಗೆದುಕೊಂಡಾಗ ಗದಗಿನ ಜನ ಬೀದಿಗಿಳಿದಿದ್ದರು. ಮಠದ ಸ್ವಾಮಿಗಳು, ರೈತರು, ಕಾಲೇಜಿನ ಹುಡುಗರು ಎಲ್ಲ ಸೇರಿ ಕೂಗು ಹಾಕಿದ ಮೇಲೆ 2017ರಲ್ಲಿ ಆ ಸ್ಥಾನ ಮತ್ತೆ ಬಂತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುಡ್ಡ ಇದು. ಒಳಗೆ ಹೋಗುವ ನಾವು ಅದನ್ನು ನೆನಪಿಟ್ಟುಕೊಂಡು ಹೋಗಬೇಕು.

ವನ್ಯಜೀವಿಧಾಮದೊಳಗೆ ಸುಮ್ನೆ ಕಾಲ್ನಡಿಗೆ ಹೊರಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಭಕ್ತರು ಓಡಾಡುತ್ತಾರೆ ನಿಜ. ಆ ದಾರಿ ಬಿಟ್ಟು ಕಾಡಿನೊಳಗೆ ಇಳಿಯಬೇಕು ಅಂದರೆ ಗದಗಿನ ಅರಣ್ಯ ಇಲಾಖೆ ಕಚೇರಿಯಲ್ಲಿ ಒಂದು ವಾರ ಮುಂಚೆಯೇ ಅರ್ಜಿ ಕೊಡಿ. ಎಷ್ಟು ಜನ, ಯಾವ ದಿನ, ಎಲ್ಲಿಂದ ಎಲ್ಲಿಗೆ, ಯಾಕೆ ಅಂತ ಒಂದು ಹಾಳೆಯಲ್ಲಿ ಬರೆದು, ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್ ಹಚ್ಚಿ. "ಹಳೇ ಗಣಿಯ ಗುರುತು ನೋಡಬೇಕು" ಅಂತ ಮುಚ್ಚುಮರೆ ಇಲ್ಲದೆ ಬರೆಯಿರಿ. ಜೊತೆಗೆ ಒಬ್ಬ ಫಾರೆಸ್ಟ್ ಗಾರ್ಡ್ ಅಥವಾ ವಾಚರ್ ಬರಬೇಕು ಅಂತ ನೀವೇ ಕೇಳಿಕೊಳ್ಳಿ. ಎಲ್ಲಿ ಹಳೇ ಗಣಿಯ ಬಾವಿ ಬಾಯಿ ತೆರೆದಿದೆ, ಯಾವ ದಾರಿ ಮಳೆಗೆ ಕೊಚ್ಚಿಹೋಗಿದೆ ಅನ್ನುವುದು ಅವರಿಗೇ ಗೊತ್ತು. ಅವರು ಬೇಡ ಅಂದ ಕಡೆ ಬೇಡ. ವಾದ ಮಾಡಬೇಡಿ. ನಾನು ಹೇಳುವ ಹಾದಿಯಲ್ಲೂ ಅವರು ಏನಾದರೂ ಬದಲು ಮಾಡಿದರೆ ಅವರ ಮಾತೇ ನಡೆಯಲಿ.

ಅದೇ ಕಾಯ್ದೆ ಪ್ರಕಾರ ಒಳಗಿನಿಂದ ಏನನ್ನೂ ತರುವ ಹಾಗಿಲ್ಲ. ಗಿಡ, ಬೇರು, ಗರಿ ಅಷ್ಟೇ ಅಂದುಕೊಳ್ಳಬೇಡಿ. ಕಲ್ಲೂ ಸೇರಿತು. ಸುತ್ತಿಗೆ ಒಯ್ಯಲೇಬೇಡಿ.

ಯಾವ ತಿಂಗಳು ಒಳ್ಳೆಯದು

ಎಲ್ಲರೂ ಆಗಸ್ಟ್‌ನಿಂದ ಅಕ್ಟೋಬರ್ ಅನ್ನುತ್ತಾರೆ. ಹಸಿರು ನೋಡಲು ಅದು ಸರಿ. ಗಣಿಯ ಗುರುತು ನೋಡಲು ಮಾತ್ರ ನನ್ನ ಮಟ್ಟಿಗೆ ಅದು ಕೆಟ್ಟ ಕಾಲ. ಆಗ ಬಾದೆ ಹುಲ್ಲು ಸೊಂಟದ ತನಕ ಬೆಳೆದಿರುತ್ತದೆ. ಗುಂಡಿ ಕಾಣುವುದಿಲ್ಲ, ಕಲ್ಲಿನ ರಾಶಿ ಕಾಣುವುದಿಲ್ಲ, ಹಾವೂ ಕಾಣುವುದಿಲ್ಲ.

ನಾನು ಆರಿಸಿಕೊಳ್ಳುವುದು ಜೂನ್ ಕೊನೆ, ಜುಲೈ ಮೊದಲ ವಾರಗಳನ್ನು. ಎರಡು ಮೂರು ಹದ ಮಳೆ ಬಿದ್ದಿರಬೇಕು. ಹುಲ್ಲು ಇನ್ನೂ ಗೇಣುದ್ದ ಇರುತ್ತದೆ. ಮಳೆ ಧೂಳು ತೊಳೆದು ಕಲ್ಲಿನ ಬಣ್ಣ ತೆರೆದಿಟ್ಟಿರುತ್ತದೆ. ಒಣಗಿದ ಬೆಣಚುಕಲ್ಲಿಗೂ ತೊಯ್ದ ಬೆಣಚುಕಲ್ಲಿಗೂ ಇರುವ ವ್ಯತ್ಯಾಸ ಒಮ್ಮೆ ನೋಡಿದರೆ ನಾನು ಯಾಕೆ ಹೀಗೆ ಹೇಳುತ್ತೇನೆ ಅಂತ ಗೊತ್ತಾಗುತ್ತದೆ. ಜನವರಿಯಿಂದ ಏಪ್ರಿಲ್ ತನಕ ಬೇಡವೇ ಬೇಡ. ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಪ್ರತಿ ವರ್ಷ ಆ ದಿನಗಳಲ್ಲಿ ಬೆಂಕಿ ಆರಿಸಿ ಆರಿಸಿ ಗಾರ್ಡ್‌ಗಳಿಗೆ ಸಾಕಾಗಿರುತ್ತದೆ. ಬೀಡಿ, ಸಿಗರೇಟ್, ಕಡ್ಡಿಪೆಟ್ಟಿಗೆ ಯಾವ ತಿಂಗಳಲ್ಲೂ ಚೀಲದಲ್ಲಿ ಇರಬಾರದು.

ಶ್ರಾವಣದ ಸೋಮವಾರ ದೇವಸ್ಥಾನದ ಕಡೆ ಗದ್ದಲ ಜಾಸ್ತಿ. ವಾರದ ಮಧ್ಯದ ದಿನ ನೋಡಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಮೂರು ಲೀಟರ್ ನೀರು. ಇದರಲ್ಲಿ ಚೌಕಾಸಿ ಬೇಡ. ಹಳ್ಳದಲ್ಲಿ ನೀರಿದ್ದರೂ, ಗಣಿ ಇದ್ದ ಕಡೆಯ ಹಳ್ಳದ ನೀರನ್ನಾಗಲಿ, ಗುಂಡಿಯಲ್ಲಿ ನಿಂತ ತಿಳಿನೀರನ್ನಾಗಲಿ ಕುಡಿಯಬೇಡಿ. ಇಲ್ಲಿನ ಬಂಗಾರದ ಕಲ್ಲಿನಲ್ಲಿ ಆರ್ಸೆನಿಕ್ ಸೇರಿದ ಖನಿಜ ಇದೆ. ಕಲ್ಲು ಒಡೆದು ಗಾಳಿ ಮಳೆಗೆ ಬಿದ್ದಾಗ ಅದು ನೀರಿಗೆ ಇಳಿಯಬಹುದು. ನೀರು ಎಷ್ಟೇ ತಿಳಿಯಾಗಿ ಕಂಡರೂ ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ಕಾಲು ಪೂರ್ತಿ ಮುಚ್ಚುವ ಬೂಟು, ಉದ್ದ ಪ್ಯಾಂಟು, ದಪ್ಪ ಬಟ್ಟೆ. ಕಾರೆ, ಕವಳೆ, ಬಾರೆ ಗಿಡಗಳ ಮುಳ್ಳು ತೆಳು ಬಟ್ಟೆಯನ್ನು ಬಿಡುವುದಿಲ್ಲ. ಎದೆಯುದ್ದದ ಒಂದು ಗಟ್ಟಿ ಬಡಿಗೆ, ಇದು ಎಲ್ಲಕ್ಕಿಂತ ಮುಖ್ಯ. ಸಣ್ಣ ಭೂತಗನ್ನಡಿ ಇದ್ದರೆ ಕಲ್ಲು ನೋಡುವ ಖುಷಿ ದುಪ್ಪಟ್ಟಾಗುತ್ತದೆ. ಮೊಬೈಲಿನಲ್ಲಿ ನಕ್ಷೆ ಮುಂಚೆಯೇ ಇಳಿಸಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಒಂದು ಸೀಟಿಯೂ ಇರಲಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ ಸಾಕು. ಕೆಡುವುದಿಲ್ಲ, ಭಾರ ಇಲ್ಲ, ಪ್ಲಾಸ್ಟಿಕ್ಕಿನ ಕಸವೂ ಇಲ್ಲ.

ಕನಿಷ್ಠ ನಾಲ್ಕು ಜನ ಇರಿ. ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆಗೆ ಕೂರಬೇಕು, ಇಬ್ಬರು ಕೆಳಗೆ ಹೋಗಿ ಜನ ಕರೆತರಬೇಕು. ಈ ಲೆಕ್ಕಕ್ಕೆ ನಾಲ್ಕು. ಎಂಟಕ್ಕಿಂತ ಜಾಸ್ತಿಯೂ ಬೇಡ. ಸಣ್ಣ ಮಕ್ಕಳನ್ನು ಗುಂಡಿಗಳ ಕಡೆ ಕರೆದೊಯ್ಯಬೇಡಿ, ದೇವಸ್ಥಾನದ ದಾರಿ ಅವರಿಗೆ ಸಾಕು.

ಬುಡದಲ್ಲಿ ಮಣ್ಣು ನೋಡಿ

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ., ಗದಗಿನಿಂದ ಡಂಬಳಕ್ಕೆ 20 ಕಿ.ಮೀ. ಚಿಲ್ಲರೆ. ಬಸ್ಸಿನಲ್ಲಿ ಬರುವವರು ಹಿಂದಿನ ರಾತ್ರಿಯೇ ಗದಗಿಗೆ ಬಂದು ಉಳಿದುಕೊಳ್ಳಿ. ಬೆಳಿಗ್ಗೆ ಆರೂವರೆಗೆ ಗುಡ್ಡದ ಬುಡದಲ್ಲಿ ಇರಬೇಕು. ಹನ್ನೊಂದಕ್ಕೆ ಇಳಿದುಬಿಡಬೇಕು.

ಗದಗ ಬಿಟ್ಟ ಮೇಲೆ ಕಿಟಕಿಯಿಂದ ಹೊಲ ನೋಡುತ್ತಾ ಬನ್ನಿ. ಮೊದಲು ಎರೆ ಭೂಮಿ, ಕಪ್ಪಗೆ, ಬಿರುಕು ಬಿಟ್ಟು. ಡಂಬಳ, ಡೋಣಿ ಕಡೆ ಗುಡ್ಡ ಹತ್ತಿರವಾದಂತೆ ಮಣ್ಣು ಕೆಂಪಗಾಗಿ ಮಸಾರಿ ಶುರುವಾಗುತ್ತದೆ. ಆ ಕೆಂಪು ಗುಡ್ಡದ್ದೇ ಕೊಡುಗೆ. ಈ ಸಾಲಿನಲ್ಲಿ ಕಬ್ಬಿಣದ ಅದಿರೂ ಇದೆ. ಮಳೆ ಅದನ್ನು ಸಾವಿರಾರು ವರ್ಷ ಕೆರೆದು ಕೆರೆದು ಬುಡಕ್ಕೆ ತಂದು ಹಾಕಿದೆ. ಬಸ್ಸಿನಲ್ಲಿ ಕೂತೇ ನೀವು ಗುಡ್ಡ ಓದಲು ಶುರು ಮಾಡಿದ ಹಾಗೆ.

ಬುಡದ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಇಳಿದಕೂಡಲೇ "ಬಂಗಾರ ಎಲ್ಲಿ ಸಿಗುತ್ತೆ" ಅಂತ ಕೇಳಬೇಡಿ. ಆ ಜನ ಗಣಿ ಕಂಪನಿಗಳ ಹೆಸರು ಕೇಳಿ ಕೇಳಿ ಬೇಸತ್ತಿದ್ದಾರೆ. ಹೊಸಬರು ಕಲ್ಲು ನೋಡುತ್ತಾ ಬಂದರೆ ಅನುಮಾನ ಪಡುವುದು ಸಹಜ. ಚಹಾ ಕುಡಿಯಿರಿ, ಮಳೆ ಬೆಳೆ ವಿಚಾರಿಸಿ, ಯಾಕೆ ಬಂದಿದ್ದೇವೆ ಅಂತ ನೇರವಾಗಿ ಹೇಳಿ. ಆಗ ಅವರೇ ಹೇಳುವ ಕಥೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಹಳ್ಳದ ಹತ್ತಿರ ಹತ್ತು ನಿಮಿಷ ಕೂರಿ

ಮೇಲೆ ಹತ್ತುವ ಮುಂಚೆ ಹಳ್ಳ ಸಿಕ್ಕರೆ ಅಲ್ಲೇ ನಿಲ್ಲಿ. ಕಥೆ ಶುರುವಾಗುವುದೇ ಇಲ್ಲಿಂದ.

ನೀರು ತಿರುವು ತೆಗೆದುಕೊಳ್ಳುವ ಕಡೆ ಒಳಮೂಲೆಯನ್ನು ನೋಡಿ. ದೊಡ್ಡ ಬಂಡೆಯ ಹಿಂದುಗಡೆ ನೋಡಿ. ಬಿಳಿ ಮರಳಿನ ಮೇಲೆ ತೆಳುವಾಗಿ ಕಪ್ಪು ಗೆರೆ ಕಾಣುತ್ತದೆ, ಯಾರೋ ಕಾಡಿಗೆ ಎಳೆದ ಹಾಗೆ. ಅದು ಕಬ್ಬಿಣದ ಕಪ್ಪು ಮರಳು. ನೀರಿಗೆ ವೇಗ ಕಡಿಮೆಯಾದ ಕಡೆ ಭಾರದ ಕಣಗಳು ಮೊದಲು ತಳಕ್ಕೆ ಕೂರುತ್ತವೆ. ಬೆಣಚುಕಲ್ಲಿನ ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರ. ಕಬ್ಬಿಣದ ಮರಳು ಐದು ಪಟ್ಟು. ಬಂಗಾರ ಹತ್ತೊಂಬತ್ತು ಪಟ್ಟು. ಜಲಗಾರರ ಕಸುಬು ಪೂರ್ತಿ ನಿಂತಿದ್ದು ಈ ಒಂದು ಲೆಕ್ಕದ ಮೇಲೆ. ಜೋರು ಮಳೆ ಬಂದು ಹಳ್ಳ ಇಳಿದ ಮೇಲೆ, ಇಂಥ ಮೂಲೆಗಳ ಮಣ್ಣು ಕೆರೆದು, ಮರದ ಅಗಲ ಪಾತ್ರೆಯಲ್ಲಿ ಹಾಕಿ, ನೀರಲ್ಲಿ ತಿರುಗಿಸಿ ತಿರುಗಿಸಿ ಹಗುರ ಮರಳನ್ನು ಹೊರಗೆ ಚೆಲ್ಲುತ್ತಿದ್ದರು. ಕೊನೆಗೆ ಒಂದು ಚಿಟಿಕೆ ಕಪ್ಪು ಮರಳು ಉಳಿಯುತ್ತದೆ. ಅದರೊಳಗೆ ಬಂಗಾರದ ಪುಡಿ. ಪಾದರಸ ಹಾಕಿದರೆ ಅದು ಬಂಗಾರವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಬಂಗಾರ ಉಳಿಯುತ್ತದೆ. ಆ ಆವಿ ಕುಡಿದವರ ಆರೋಗ್ಯ ಏನಾಗುತ್ತಿತ್ತೋ ಅಂತ ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಅಕ್ಕಿಯಲ್ಲಿ ಕಲ್ಲು ತೆಗೆಯಲು ಅಮ್ಮ ಪಾತ್ರೆಯಲ್ಲಿ ನೀರು ಹಾಕಿ ತಿರುಗಿಸಿ ಬಗ್ಗಿಸುತ್ತಾಳಲ್ವಾ, ಕೊನೆಗೆ ತಳದಲ್ಲಿ ಕಲ್ಲು ಉಳಿಯುತ್ತದೆ. ಅದೇ ಕೈಚಳಕ ಇದು.

ಕಪ್ಪು ಮರಳಿನಲ್ಲಿ ಏನಾದರೂ ಮಿಂಚಿದರೆ ತಕ್ಷಣ ಕೂಗಬೇಡಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಕಾಗೆಬಂಗಾರ. ಅಂಗೈ ಮೇಲೆ ಇಟ್ಟು ನೆರಳು ಮಾಡಿ ನೋಡಿ. ಕಾಗೆಬಂಗಾರ ಒಂದು ಕೋನದಲ್ಲಿ ಮಾತ್ರ ಫಳ್ಳನೆ ಹೊಳೆದು ಆಮೇಲೆ ಮಂಕಾಗುತ್ತದೆ. ನಿಜವಾದ ಬಂಗಾರ ನೆರಳಲ್ಲೂ ಅದೇ ಹಳದಿ. ನೋಡಿ ಆದಮೇಲೆ ಅಲ್ಲೇ ಬಿಡಿ.

ಬೆಣಚುಕಲ್ಲಿನ ಗೆರೆ ಹಿಡಿದು ಹತ್ತಿ

ಈಗ ಇಳಿಜಾರು. ಸುತ್ತ ದಿಂಡಲ, ಕಕ್ಕೆ, ಮುತ್ತಲ, ಅಲ್ಲಲ್ಲಿ ಸೀತಾಫಲ. ಕಾಲ ಕೆಳಗೆ ಹಸಿರು ಬೂದು ಬಣ್ಣದ, ಪದರ ಪದರವಾದ ಕಲ್ಲು. ಅದರ ನಡುವೆ ಎಲ್ಲಾದರೂ ಹಾಲಿನಂಥ ಬಿಳಿ ಪಟ್ಟಿ ಕಂಡರೆ ಅದೇ ಬೆಣಚುಕಲ್ಲಿನ ಎಳೆ. ಭೂಮಿಯ ಆಳದಿಂದ ಬಿಸಿನೀರು ಬಿರುಕುಗಳಲ್ಲಿ ನುಗ್ಗಿ, ತಣಿದು, ಬೆಣಚುಕಲ್ಲಾಗಿ ಗಟ್ಟಿಯಾಯಿತು. ಆ ನೀರಿನಲ್ಲಿ ಕರಗಿದ್ದ ಬಂಗಾರವೂ ಅಲ್ಲಲ್ಲಿ ಅದರ ಜೊತೆ ಉಳಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಹಾಗೆ, ಎಲ್ಲ ಬೆಣಚುಕಲ್ಲಲ್ಲೂ ಬಂಗಾರ ಇಲ್ಲ. ಬೆಳ್ಳಗೆ ಹೊಳೆಯುವ ಚೆಂದದ ಕಲ್ಲನ್ನು ಹಳೆಯ ಗಣಿಗಾರರು ತಿರುಗಿ ನೋಡುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ತುಕ್ಕಿನ ಕಲೆ ಹಿಡಿದ, ನೀಲಿ ಬೂದು ಛಾಯೆಯ, ಸಣ್ಣ ಸಣ್ಣ ತೂತು ಬಿದ್ದ ಕೊಳಕು ಕಲ್ಲು. ತೂತು ಯಾಕೆ ಅಂದರೆ ಅಲ್ಲಿದ್ದ ಗಂಧಕದ ಖನಿಜ ಮಳೆಗಾಳಿಗೆ ಕರಗಿ ಹೋಗಿರುತ್ತದೆ.

ಎಳೆ ಸಿಕ್ಕರೆ ಅದು ಯಾವ ದಿಕ್ಕಿಗೆ ಹೋಗುತ್ತದೆ ನೋಡಿ. ಹೆಚ್ಚು ಕಡಿಮೆ ಗುಡ್ಡದ ಸಾಲಿನ ಜೊತೆಗೇ, ವಾಯವ್ಯದಿಂದ ಆಗ್ನೇಯಕ್ಕೆ. ಇದು ಗೊತ್ತಾದರೆ ಮುಂದಿನ ಹೆಜ್ಜೆ ಸುಲಭ.

ಸಾಲಾಗಿದ್ದರೆ ಅದು ಮನುಷ್ಯನ ಕೈ

ಕಾಡಿನಲ್ಲಿ ತಗ್ಗು ಎಲ್ಲ ಕಡೆ ಇರುತ್ತದೆ. ಮಳೆನೀರು ಕೊರೆದ ತಗ್ಗು, ಮುಳ್ಳುಹಂದಿ ತೋಡಿದ ಬಿಲ, ಬಿದ್ದ ಮರದ ಬೇರಿನ ಗುಂಡಿ. ಇವುಗಳಲ್ಲಿ ಗಣಿಯ ಗುಂಡಿ ಯಾವುದು ಅಂತ ತಿಳಿಯಲು ನಾನು ಮೂರು ವಿಷಯ ನೋಡುತ್ತೇನೆ.

ಒಂದು, ಸಾಲು. ನೀರು ಕೊರೆದ ತಗ್ಗು ಇಳಿಜಾರಿನ ಕೆಳಮುಖವಾಗಿ ಹೋಗುತ್ತದೆ. ಗಣಿಯ ಗುಂಡಿಗಳು ಇಳಿಜಾರಿಗೆ ಅಡ್ಡಲಾಗಿ, ಬೆಣಚುಕಲ್ಲಿನ ಎಳೆಯ ಗುಂಟ, ಮಣಿ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಇರುತ್ತವೆ. ಅಗೆದವನು ಎಳೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಎಳೆ ತೆಳುವಾದ ಕಡೆ ಗುಂಡಿ ಸಣ್ಣದು, ದಪ್ಪವಾದ ಕಡೆ ದೊಡ್ಡದು. ನೂರು ವರ್ಷದ ಹಿಂದೆ ಒಬ್ಬ ಮನುಷ್ಯನಿಗೆ ಎಲ್ಲಿ ಆಸೆ ಹುಟ್ಟಿತು, ಎಲ್ಲಿ ಕೈ ಬಿಟ್ಟ ಅಂತ ಆ ಸಾಲು ನೋಡಿದರೆ ತಿಳಿಯುತ್ತದೆ. ಈ ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಗಳಿಗೆ ಇದೇ.

ಎರಡು, ಪಕ್ಕದ ದಿಬ್ಬ. ಅಗೆದ ಮಣ್ಣು ಎಲ್ಲಾದರೂ ಹೋಗಲೇಬೇಕಲ್ಲ. ಗುಂಡಿಯ ಕೆಳಮಗ್ಗುಲಿಗೆ ಅರ್ಧಚಂದ್ರದ ಹಾಗೆ ದಿಬ್ಬ ಇದ್ದರೆ ಅದು ತೋಡಿ ಹಾಕಿದ ಕಲ್ಲುಮಣ್ಣು.

ಮೂರು, ಕಲ್ಲಿನ ಅಂಚು. ತಾನಾಗಿ ಉರುಳಿಬಂದ ಕಲ್ಲಿನ ಮೂಲೆಗಳು ಸವೆದು ಮೊಂಡಾಗಿರುತ್ತವೆ. ಒಡೆದ ಕಲ್ಲಿಗೆ ಇನ್ನೂ ಚೂಪು ಅಂಚು ಇರುತ್ತದೆ. ಮುಷ್ಟಿ ಗಾತ್ರದ, ಹೆಚ್ಚೂ ಕಡಿಮೆ ಒಂದೇ ಅಳತೆಯ ಬೆಣಚುಕಲ್ಲಿನ ಚೂರುಗಳು ಒಂದೇ ಕಡೆ ರಾಶಿ ಬಿದ್ದಿದ್ದರೆ, ಅಲ್ಲಿ ಯಾರೋ ಕೂತು ಕಲ್ಲು ಒಡೆದು ಆರಿಸಿದ್ದಾರೆ. ಒಳ್ಳೆಯದನ್ನು ಒಯ್ದಿದ್ದಾರೆ, ಬೇಡದ್ದನ್ನು ಬಿಟ್ಟಿದ್ದಾರೆ. ನಾವು ನೋಡುವುದು ಬಿಟ್ಟದ್ದನ್ನು.

ಇನ್ನು ಗಿಡಗಳೂ ಸಾಕ್ಷಿ ಹೇಳುತ್ತವೆ. ಈ ದಿಬ್ಬಗಳ ಮೇಲೆ ಮಣ್ಣು ಕಡಿಮೆ. ದಿಂಡಲದಂಥ ಮರ ಬೇಗ ಬರುವುದಿಲ್ಲ. ಬಂದರಿಕೆ, ತಂಗಡಿ ಅಂಥ ಗಟ್ಟಿಜೀವದ ಪೊದೆಗಳು ಮೊದಲು ಬರುತ್ತವೆ. ಸುತ್ತ ಮರ ಇದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ತಂಗಡಿಯ ಹಳದಿ ಹೂ ಕಂಡರೆ, ಅಲ್ಲಿ ನಿಂತು ಕಾಲ ಕೆಳಗೆ ನೋಡಿ.

ಬಾವಿ ಬಾಯಿಗೆ ಹೋಗಬೇಡಿ

ಇದನ್ನು ಬೇರೆಯಾಗಿ, ಗಟ್ಟಿಯಾಗಿ ಹೇಳಬೇಕು. ಕಂಪನಿ ಕಾಲದ ಗಣಿಗಳು ನೇರ ಕೆಳಗೆ ಇಳಿದ ಬಾವಿಗಳು. ಕೆಲವಕ್ಕೆ ಈಗ ಬಾಯಿಯೇ ಕಾಣುವುದಿಲ್ಲ. ಹುಲ್ಲು, ಬಳ್ಳಿ, ಒಣಗಿದ ಟೊಂಗೆ ಬಿದ್ದು ಮುಚ್ಚಿಕೊಂಡಿರುತ್ತವೆ.

ಮೊದಲ ಸಲ ಹೋದಾಗ ನಾನು ಒಂದು ಪೊದೆಯ ಆಚೆ ಬಿಳಿ ಕಲ್ಲು ಕಂಡಿತು ಅಂತ ನುಗ್ಗಿದ್ದೆ. ಕೆಳಗಿನಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಕೂಗಿದರು: "ಏ ತಮ್ಮಾ, ನಿಲ್ಲು! ಮುಂದ ಕಾಲ ಇಡಬ್ಯಾಡ, ಅಲ್ಲಿ ನೆಲ ಇಲ್ಲ." ನಿಂತೆ. ಅವರು ಬಂದು ತಮ್ಮ ಕೋಲಿನಿಂದ ಹುಲ್ಲು ಸರಿಸಿದರು. ನನ್ನ ಬೂಟಿನಿಂದ ಎರಡು ಮಾರು ಮುಂದೆ ಕತ್ತಲು ಬಾಯಿ ತೆರೆದಿತ್ತು. ಒಳಗಿನಿಂದ ತಂಪು ಗಾಳಿ, ಬಾವಲಿಯ ವಾಸನೆ. "ಎಲ್ಲಿ ಹೊಂಟಿದ್ದಿ?" ಅಂದರು. "ಕಲ್ಲು ನೋಡಾಕ, ಕಾಕಾ" ಅಂದೆ. "ಕಲ್ಲು ಎಲ್ಲಿಗೂ ಓಡಿ ಹೋಗೂದಿಲ್ಲ, ನೀ ಮೊದಲ ನೆಲಾ ನೋಡ" ಅಂದರು. ಆಗಿನಿಂದ ಬಡಿಗೆ ಊರದೆ ಒಂದು ಹೆಜ್ಜೆ ಇಟ್ಟಿಲ್ಲ.

ಹಾಗಾಗಿ ನಿಯಮ ಹೀಗಿರಲಿ. ಮುಂದೆ ಗಾರ್ಡ್, ಅವರ ಹೆಜ್ಜೆಯ ಮೇಲೆ ನಿಮ್ಮ ಹೆಜ್ಜೆ, ಒಬ್ಬರ ಹಿಂದೆ ಒಬ್ಬರು. ಹುಲ್ಲು ಇದ್ದ ಕಡೆ ಬಡಿಗೆಯಿಂದ ಮೊದಲು ಕುಟ್ಟಿ. ಬಾವಿ ಕಂಡರೆ ಅದರ ಅಂಚಿನಿಂದ ಹತ್ತು ಹೆಜ್ಜೆ ದೂರ. ಅಂಚು ಗಟ್ಟಿ ಕಂಡರೂ ಕೆಳಗೆ ಕುಸಿದು ಟೊಳ್ಳಾಗಿರುತ್ತದೆ, ಭಾರ ಬಿದ್ದರೆ ಸಡಿಲುತ್ತದೆ. ಬಗ್ಗಿ ನೋಡುವುದು, ಕಲ್ಲು ಹಾಕಿ ಆಳ ಲೆಕ್ಕ ಹಾಕುವುದು ಬೇಡ. ಗುಡ್ಡದ ಮಗ್ಗುಲಿಗೆ ಅಡ್ಡ ಸುರಂಗ ಕಂಡರೆ ಹೊರಗಿನಿಂದ ಕೈ ಮುಗಿದು ಮುಂದೆ ಹೋಗಿ. ಒಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಹೆಜ್ಜೇನು ಇರಬಹುದು. ಚಿರತೆ, ಕತ್ತೆಕಿರುಬಕ್ಕೆ ಅದು ಮನೆ ಆಗಿರಬಹುದು. ಇವೆರಡೂ ಈ ಗುಡ್ಡದಲ್ಲಿವೆ, ತೋಳ, ಕೊಂಡಕುರಿಯೂ ಇವೆ. ಮನುಷ್ಯ ಅಗೆದು ಬಿಟ್ಟ ಜಾಗದಲ್ಲಿ ಅವು ಮರಿ ಸಾಕುತ್ತಿದ್ದರೆ ನಾವು ಹೋಗಿ ಇಣುಕುವುದು ಸರಿಯಲ್ಲ.

ಕಂಪನಿ ಕಾಲದ ಕೆಲಸ ಹೇಗಿತ್ತು

ಸುರಕ್ಷಿತ ದೂರದಲ್ಲಿ ನೆರಳು ನೋಡಿ ಕೂತುಕೊಂಡು ಬುತ್ತಿ ಬಿಚ್ಚಿ. ಎದುರಿನ ಇಳಿಜಾರಿನಲ್ಲಿ ಆಗಿನ ಕೆಲಸ ಕಣ್ಣ ಮುಂದೆ ತಂದುಕೊಳ್ಳಲು ಇದು ಒಳ್ಳೆಯ ಹೊತ್ತು.

ಜಲಗಾರರಿಗೆ ಹಳ್ಳವೇ ಕಲ್ಲು ಪುಡಿ ಮಾಡಿ ಕೊಡುತ್ತಿತ್ತು. ಕಂಪನಿಗೆ ಅಷ್ಟು ಸಾವಧಾನ ಇರಲಿಲ್ಲ. ಸಿಡಿಮದ್ದು ಇಟ್ಟು ಕಲ್ಲು ಒಡೆದು, ಮೇಲೆತ್ತಿ, ಕುಟ್ಟುವ ಯಂತ್ರಕ್ಕೆ ಹಾಕುತ್ತಿದ್ದರು. ಭಾರದ ಕಬ್ಬಿಣದ ಒನಕೆಗಳು ಸಾಲಾಗಿ ನಿಂತು, ಒಂದಾದ ಮೇಲೆ ಒಂದು ಎದ್ದು ಬೀಳುವ ಯಂತ್ರ ಅದು. ಅವಲಕ್ಕಿ ಕುಟ್ಟುವ ಮನೆಯನ್ನು ನೂರು ಪಟ್ಟು ದೊಡ್ಡದು ಮಾಡಿ ನೆನೆಸಿಕೊಳ್ಳಿ. ಕುಟ್ಟಿದ ಪುಡಿ ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತಿತ್ತು. ಬಂಗಾರ ತಗಡಿಗೆ ಅಂಟುತ್ತಿತ್ತು, ಉಳಿದದ್ದು ಹರಿದು ಹೋಗುತ್ತಿತ್ತು. ಆ ಕಾಲದ ಗಣಿಗಳಲ್ಲಿ ಉಳಿದ ಪುಡಿಗೆ ಸಯನೈಡ್ ನೀರು ಬಿಟ್ಟು ಇನ್ನಷ್ಟು ಬಂಗಾರ ತೆಗೆಯುವುದೂ ರೂಢಿ ಇತ್ತು. ಇದೆಲ್ಲ ಆದ ಮೇಲೂ ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ. ಒಂದು ಉಂಗುರದ ಬಂಗಾರಕ್ಕೆ ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬ ಕಲ್ಲು ಅಗೆಯಬೇಕಾದೀತು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಎದುರಿನ ದಿಬ್ಬಗಳನ್ನು ಇನ್ನೊಮ್ಮೆ ನೋಡಿ.

ಹಳೆಯ ಗಣಿ ಇದ್ದ ಕಡೆ ಸಪಾಟು ಮಾಡಿದ ನೆಲ, ಕಟ್ಟಿದ ಕಲ್ಲಿನ ಸಾಲು, ಗಾಡಿ ದಾರಿಯ ಹಾಗೆ ಒಂದೇ ಏರಿನಲ್ಲಿ ಸಾಗುವ ಹಾದಿ ಕಂಡರೆ ಫೋಟೋ ತೆಗೆದುಕೊಳ್ಳಿ. ಕುರಿ ದಾರಿ ಹಾಗಿರುವುದಿಲ್ಲ, ಅದು ಏರು ತಗ್ಗು ನೋಡುವುದಿಲ್ಲ. ಹೀಗೆ ಸಮನಾದ ಏರು ಬೇಕಿದ್ದದ್ದು ಭಾರ ಎಳೆಯುವ ಎತ್ತಿನ ಗಾಡಿಗೆ.

ಸಮಯ ಇದ್ದರೆ ದೇವಸ್ಥಾನದ ದಾರಿಗೆ ಮರಳಿ ಗಾಳಿಗುಂಡಿ ಅನ್ನುವ ಎತ್ತರದ ಜಾಗದ ತನಕ ಹತ್ತಿ. ಅಲ್ಲಿ ಗಾಳಿಗೆ ಮಾತು ಕೇಳುವುದಿಲ್ಲ. ಸಾಲು ಸಾಲು ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಹಳೆಯ ಉದ್ಯಮದ ಗುರುತು ಕಾಲ ಕೆಳಗೆ, ಈಗಿನ ಉದ್ಯಮ ತಲೆಯ ಮೇಲೆ. ಅವುಗಳಿಗಾಗಿ ಕಡಿದ ರಸ್ತೆಗಳ ಕೆಂಪು ಗಾಯವನ್ನೂ ನೋಡಿ, ಜಲಗಾರರ ಹಳ್ಳವನ್ನೂ ನೆನೆಸಿಕೊಳ್ಳಿ. ಯಾವುದು ಎಷ್ಟು ವರ್ಷಕ್ಕೆ ಮಾಯುತ್ತದೆ ಅಂತ ನನಗೆ ಅಲ್ಲಿ ನಿಂತಾಗಲೆಲ್ಲ ಯೋಚನೆ ಬರುತ್ತದೆ.

ಇಳಿದ ಮೇಲೆ

ಬುಡದಲ್ಲಿ ಮೊದಲ ಕೆಲಸ, ಎಲ್ಲರೂ ಇದ್ದೀರಾ ಅಂತ ಎಣಿಸುವುದು. ಎರಡನೆಯದು, ಜೇಬು ಜಾಡಿಸುವುದು. ನೋಡಿ ಮರೆತು ಜೇಬಿಗೆ ಹಾಕಿಕೊಂಡ ಕಲ್ಲು ಒಂದಾದರೂ ಯಾರದಾದರೂ ಜೇಬಿನಲ್ಲಿ ಸಿಗುತ್ತದೆ. ಗಾರ್ಡ್ ಮುಂದೆಯೇ ಅಲ್ಲಿ ಬಿಟ್ಟುಬಿಡಿ. ಪ್ಯಾಂಟಿಗೆ ಅಂಟಿದ ಹುಲ್ಲಿನ ಬೀಜ, ಕಾಲುಚೀಲದೊಳಗೆ ಸೇರಿದ ಉಣ್ಣಿ ನೋಡಿಕೊಳ್ಳಿ. ತೆಗೆದ ಫೋಟೋಗಳನ್ನು ಯಾರಿಗಾದರೂ ಕಳಿಸುವಾಗ ಬಾವಿಗಳಿರುವ ಜಾಗದ ಗುರುತು ಹಾಕಬೇಡಿ. ಗುರುತು ನೋಡಿ ಒಬ್ಬರೇ ಹೋಗುವ ಹುಡುಗರಿದ್ದಾರೆ. ಸುತ್ತಿಗೆ ಹಿಡಿದು ಹೋಗುವವರೂ ಇದ್ದಾರೆ.

ವಾಪಸ್ ಬರುವಾಗ ಡಂಬಳದಲ್ಲಿ ಇಳಿದು ದೊಡ್ಡಬಸಪ್ಪ ಗುಡಿ ನೋಡಿ. ಹನ್ನೆರಡನೇ ಶತಮಾನದ್ದು, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ಗೋಡೆ. ಬೆಳಿಗ್ಗೆಯೆಲ್ಲ ಒರಟು ಕಲ್ಲು ನೋಡಿದ ಕಣ್ಣಿಗೆ, ಕೆತ್ತಿದ ಆ ಕಲ್ಲಿನ ನುಣುಪು ಬೇರೆಯೇ ಕಾಣುತ್ತದೆ. ಗುಡಿಯ ಕಟ್ಟೆ ಮೇಲೆ ಕೂತು, ಗುಡ್ಡದಿಂದ ಸುರಕ್ಷಿತವಾಗಿ ಇಳಿದಿದ್ದೇವೆ ಅಂತ ಅರಣ್ಯ ಕಚೇರಿಗೆ ಒಂದು ಫೋನ್ ಮಾಡಿ. ನಿಮ್ಮ ಹೆಸರು ಬರೆದಿಟ್ಟುಕೊಂಡವರು ಅಲ್ಲಿ ಕಾಯುತ್ತಿರುತ್ತಾರೆ.